ನಾನು ಕೈ ಎತ್ತಿದಾಗ ನಿಂತ ಹೆದ್ದಾರಿ

ಮಕ್ಕಳೇ, ನಿಮ್ಮ ಅಜ್ಜಿ ನಾಲ್ಕು ಜನರ ಮುಂದೆ ಎಂದೂ ಕೈ ಎತ್ತಿದವಳಲ್ಲ. ಮಿರಜದ ಹತ್ತಿರದ ನಮ್ಮೂರು ಆರಗದ ಕನ್ನಡ ಶಾಲೆಯಲ್ಲಿ ಗುರುಗಳು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ನನ್ನ ಕೈ ಪಾಟಿಯ ಕೆಳಗೇ ಇರುತ್ತಿತ್ತು. ಮದುವೆಯಾದ ಮೇಲೆ ಬಸ್ಸಿಗೆ ಕೈ ಮಾಡುವ ಕೆಲಸ ನಿಮ್ಮ ಅಜ್ಜನದು. ನಾನು ಅವರ ಬೆನ್ನ ಹಿಂದೆ ಚೀಲ ಹಿಡಿದು ನಿಲ್ಲುತ್ತಿದ್ದೆ. ಅವರು ಹೋದ ಮೇಲೆ ಬೇರೆ ಯಾರಾದರೂ ಬಂದು ಕೈ ಮಾಡಲಿ ಎಂದು ಕಾಯುತ್ತಿದ್ದೆ. ಯಾರೂ ಬರದಿದ್ದರೆ ಬಸ್ಸು ಅದರ ಪಾಡಿಗೆ, ನಾನು ನನ್ನ ಪಾಡಿಗೆ ಮನೆಗೆ. ಇಂಥವಳು ಸಾಂಗ್ಲಿ-ಮಿರಜ ಹೆದ್ದಾರಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತ ಕಥೆಯನ್ನು ನಿಮ್ಮ ಪ್ರಾಜಕ್ತಾ ಅಕ್ಕ ಅರ್ಧ ಹೇಳಿ ನಗಲು ಶುರು ಮಾಡುತ್ತಾಳೆ. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ಅವಳ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಕೆಲಸ ಕೊಟ್ಟಿದ್ದರು. ಸಂಜೆಯ ಗದ್ದಲದಲ್ಲಿ ಹೆದ್ದಾರಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅಳೆದು ಮರುದಿನವೇ ತೋರಿಸಬೇಕು. ಇಲ್ಲದಿದ್ದರೆ ಆ ವಿಷಯದಲ್ಲಿ ನಪಾಸು. ಜೊತೆಗೆ ಬರಬೇಕಾದ ಗೆಳತಿಗೆ ಜ್ವರ. ರಸ್ತೆ ಏನು ಕೆಲಸ ಮಾಡುತ್ತದೆ, ಸುಮ್ಮನೆ ಬಿದ್ದಿರುತ್ತದಲ್ಲ ಎಂದೆ. ರಸ್ತೆ ತುಂಬಿದ್ದರಷ್ಟೇ ಸಾಲದು, ಎಷ್ಟು ಗಾಡಿ ದಾಟಿದವು, ಎಷ್ಟು ವೇಗದಲ್ಲಿ ದಾಟಿದವು, ಎರಡೂ ಸೇರಿದರೆ ಲೆಕ್ಕ ಎಂದು ತಿಳಿಸಿ ಹೇಳಿದಳು. ನನಗೆ ಹಿಟ್ಟಿನ ಗಿರಣಿ ನೆನಪಾಯಿತು. ಬಾಯಿಗೆ ಜೋಳವನ್ನು ಒಮ್ಮೆಲೇ ಸುರಿದರೆ ಗಿರಣಿ ತುಂಬಿರುತ್ತದೆ, ಗುರ್ರೆನ್ನುತ್ತದೆ, ಹಿಟ್ಟು ಮಾತ್ರ ಬೀಳುವುದಿಲ್ಲ. "ಹಾಂ ಅಜ್ಜಿ, ಬರೋಬ್ಬರಿ!" ಎಂದು ಅಪ್ಪಿಕೊಂಡಳು. ಆ ಅಪ್ಪುಗೆಯಲ್ಲೇ ನಾನು ಸಿಕ್ಕಿಬಿದ್ದದ್ದು.

ಅವಳು ರಸ್ತೆಗೆ ಎಳೆದ ಸೀಮೆಸುಣ್ಣದ ಗೆರೆಯ ಬಳಿ ನಾನು ಕುರ್ಚಿಯಲ್ಲಿ, ಅವಳು ಮುಂದಿನ ಪೆಟ್ರೋಲ್ ಪಂಪಿನ ಬಳಿ. ನನ್ನ ಎಡಗೈಯಲ್ಲಿ ಎಣಿಸುವ ಯಂತ್ರ. ಗಾಡಿ ದಾಟಿದಾಗೆಲ್ಲ ಗುಂಡಿ ಒತ್ತಬೇಕು. ಕೆಂಪು ಬಣ್ಣದ ಗಾಡಿ ದಾಟಿದರೆ ಬಲಗೈ ಎತ್ತಬೇಕು. ಅದು ಅವಳ ತನಕ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಅವಳು ಮೊಬೈಲಿನಲ್ಲಿ ನೋಡುತ್ತಾಳೆ. "ಫಕ್ತ ಕೈ ಎತ್ರಿ ಅಜ್ಜಿ, ಅಷ್ಟ. ನಾಚಕೋಬ್ಯಾಡ್ರಿ," ಎಂದಳು.

ಮೊದಲು ಬಂದ ಕೆಂಪು ಗಾಡಿ ಬಸ್ಸು. ಕಣ್ಣು ಮುಚ್ಚಿ ಕೈ ಎತ್ತಿದೆ. ಕಣ್ಣು ತೆರೆದರೆ ಬಸ್ಸು ನನ್ನ ಮುಂದೆಯೇ ನಿಂತಿದೆ, ಕಂಡಕ್ಟರ್ ಬಾಗಿಲು ತೆಗೆದು "ಚಲಾ ಆಜೀ, ಲೌಕರ!" ಎಂದು ಮರಾಠಿಯಲ್ಲಿ ಅವಸರಿಸುತ್ತಿದ್ದಾನೆ. ನಾನು ತಲೆ ಅಲ್ಲಾಡಿಸಿದೆ. ಅವನೂ ತಲೆ ಚಚ್ಚಿಕೊಂಡು ಹೋದ. ಆಮೇಲೆ ಬಂದ ಕೆಂಪು ಕಾರಿನವರು ಇಳಿದು, ನನಗೆ ತಲೆ ಸುತ್ತಿ ಬಂದಿದೆ ಎಂದುಕೊಂಡು ನೀರು ಕುಡಿಸಿದರು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯತೊಡಗಿದವು. ಅಷ್ಟರಲ್ಲಿ ಮಂದಿಯನ್ನು ತುಂಬಿಕೊಂಡ ಕೆಂಪು ರಿಕ್ಷಾ ಬಂತು. ಹೇಳಿದ ಕೆಲಸ ಬಿಡಬಾರದಲ್ಲ, ಮತ್ತೆ ಕೈ ಎತ್ತಿದೆ. ಅದೂ ನಿಂತಿತು.

"ಬ್ಯಾಡಪ್ಪಾ, ನಾ ಎಲ್ಲೂ ಹೊಂಟಿಲ್ಲ," ಎಂದು ನಾನು ಕನ್ನಡದಲ್ಲಿ ಅಂದದ್ದೇ ತಪ್ಪಾಯಿತು.

"ಅರೆ, ಕನ್ನಡದವರೇನ್ರಿ ಮಾವಶಿ! ಯಾವೂರ್ರಿ?" ಎಂದ ರಿಕ್ಷಾದವನು.

"ಆರಗ."

"ನಮ್ಮಕ್ಕನ್ನ ಆರಗಕ್ಕ ಕೊಟ್ಟೀವ್ರಿ! ಎಲ್ಲೂ ಹೋಗದವರು ಕೈ ಯಾಕ ಮಾಡಿದ್ರಿ? ಏರ್ರಿ, ಏರ್ರಿ. ಏ, ಸ್ವಲ್ಪ ಸರೀರಿ, ಅಜ್ಜಿ ಕುಂದ್ರಲಿ!"

ನಮ್ಮೂರ ಸೊಸೆಯ ತಮ್ಮ ಎಂದರೆ ಬೀಗರಾದಂತೆ. ಬೀಗರು ಕರೆದಾಗ ಒಲ್ಲೆ ಎನ್ನುವುದು ಹೇಗೆ? ಏರಿ ಕುಳಿತೆ. ಕುರ್ಚಿ ಅಲ್ಲೇ ಉಳಿಯಿತು.

ಆದರೆ ರಿಕ್ಷಾ ಹೋಗಬೇಕಲ್ಲ! ನಾನೇ ಮಾಡಿದ ಗದ್ದಲದಲ್ಲಿ ನಾನೇ ಸಿಕ್ಕಿಕೊಂಡಿದ್ದೆ. ಖಾಲಿ ಕುರ್ಚಿ ನೋಡಿ ಪ್ರಾಜಕ್ತಾ ಓಡಿ ಬಂದು ರಿಕ್ಷಾದ ಪಕ್ಕದಲ್ಲೇ ನಡೆಯತೊಡಗಿದಳು.

"ಅಜ್ಜೀ! ಎಲ್ಲಿಗೆ ಹೊಂಟೀರಿ?"

"ನನಗೂ ಗೊತ್ತಿಲ್ಲವಾ. ಬೀಗರು ಕುಂದರ್ಸ್ಯಾರ."

"ತಂಗೀ, ಸಾವಕಾಶ ನಡಿ," ಎಂದ ರಿಕ್ಷಾದವನು. "ನಿನ್ನ ಕೂಡ ಬರಾಕ ನಮಗ ಆಗವಲ್ದು."

ರಿಕ್ಷಾದ ಮಂದಿಯೆಲ್ಲ ನಕ್ಕರು. ಪ್ರಾಜಕ್ತಾ ಹೊಟ್ಟೆ ಹಿಡಿದುಕೊಂಡು ರಸ್ತೆಯ ಅಂಚಿನಲ್ಲೇ ಕುಳಿತುಬಿಟ್ಟಳು. ನಾನು ಇಳಿದು ಹತ್ತಿರ ಹೋದಾಗ ಮಾತ್ರ ಅವಳ ಮುಖ ಸಣ್ಣದಾಗಿತ್ತು. "ಈ ಗರ್ದಿ ಗದ್ದಲ ರಸ್ತೇದಲ್ಲ ಅಜ್ಜಿ, ನಿಮ್ಮದು. ಇದನ್ನ ನಾಳೆ ಹೆಂಗ ತೋರಸ್ಲಿ?" ಹೊತ್ತು ಮುಳುಗಲು ಬಹಳ ಸಮಯವಿರಲಿಲ್ಲ. ಹುಡುಗಿ ನನ್ನಿಂದ ನಪಾಸಾಗುವುದೇ?

ಅವಳನ್ನು ಪಂಪಿನ ಬಳಿಗೆ ಕಳಿಸಿ, ಮತ್ತೆ ಹೋಗಿ ಕುರ್ಚಿಯಲ್ಲಿ ಕುಳಿತೆ. ಗದ್ದಲ ತಾನಾಗಿ ಸಡಿಲಾಯಿತು. ಕೆಂಪು ಲಾರಿಯೊಂದು ಬಂತು. ಅದರ ಚಾಲಕ ನನ್ನನ್ನೇ ದಿಟ್ಟಿಸುತ್ತಿದ್ದ. ಕೈ ಎತ್ತಲು ಧೈರ್ಯವಾಗಲಿಲ್ಲ. ನಾಚಿಕೆಯಾಗಿ, ಸೊಸೆಯಾಗಿದ್ದ ಕಾಲದ ಅಭ್ಯಾಸದಂತೆ ಬಿಳಿ ಸೆರಗನ್ನು ಹಣೆಯ ತನಕ ಎಳೆದುಕೊಂಡೆ. ಅವನು ಮುಖ ತಿರುಗಿಸಿ, ನಿಲ್ಲದೆ ಹೋದ. ಸೆರಗು ಎಳೆದುಕೊಂಡವಳ ಮುಂದೆ ಯಾರು ಗಾಡಿ ನಿಲ್ಲಿಸುತ್ತಾರೆ? ಪಂಪಿನ ಕಡೆಯಿಂದ ಕೂಗು ಕೇಳಿಸಿತು: "ಅಜ್ಜೀ, ಸೆರಗು ಕಾಣಸ್ತು! ಹಂಗೇ ಮಾಡ್ರಿ!" ಅಲ್ಲಿಂದ ಮುಂದೆ ಕೆಂಪು ಗಾಡಿ ಬಂದರೆ ಸೆರಗು ಮುಂದೆ, ಹೋದರೆ ಹಿಂದೆ. ಕತ್ತಲಾಗುವುದರೊಳಗೆ ಹೆದ್ದಾರಿಯ ಅಳತೆ ಮುಗಿಯಿತು. ಹುಡುಗಿ ಪಾಸಾದಳು.

ಈಗ ಮನೆಗೆ ಯಾರಾದರೂ ಬಂದು ನಾನು ಸೆರಗು ಸರಿಪಡಿಸಿಕೊಂಡರೆ "ಅಜ್ಜಿ, ಕೆಂಪು ಗಾಡಿ ಬಂತು!" ಎಂದು ನೀವೆಲ್ಲ ಕೂಗುತ್ತೀರಿ. ಕೂಗಿ, ಸಿಟ್ಟಿಲ್ಲ. ಆದರೆ ಮೊನ್ನೆ ಆರಗಕ್ಕೆ ಹೋಗಲು ರಸ್ತೆಗೆ ಬಂದಾಗ ನಾನೊಬ್ಬಳೇ ಇದ್ದೆ. ದೂರದಲ್ಲಿ ಕೆಂಪು ಬಸ್ಸು ಕಾಣಿಸಿತು. ಹೆದ್ದಾರಿಯನ್ನೇ ನಿಲ್ಲಿಸಿದ ಕೈ ಇದು, ಇನ್ಯಾಕೆ ನಾಚಿಕೆ ಎಂದುಕೊಂಡು ಜಂಬದಿಂದ ಎತ್ತಿದೆ. ಬಸ್ಸು ನಿಲ್ಲದೆ ಹೋಯಿತು. ಧೂಳು ಇಳಿದ ಮೇಲೆ ನೋಡಿಕೊಂಡರೆ ಕೈ ಮೇಲೇ ಇತ್ತು, ಅದರಲ್ಲಿ ಸೆರಗಿನ ಅಂಚೂ ಇತ್ತು.