ಈರಸಂಗಪ್ಪನ ತಂತಿಯೂ ತಂಗೆವ್ವನ ಕೌದಿಯೂ

ಸ್ವಸ್ತಿ ಶ್ರೀ! ಸಕಲ ಮೊಬೈಲ್ ಟವರುಗಳು ಮೂಕವಾಗಿ, ಸಮಸ್ತ ಕರೆಂಟು ಕಂಬಗಳು ಸಾಷ್ಟಾಂಗವೆರಗಿ, ಕೃಷ್ಣಾನದಿಯು ಹೇಳದೆ ಕೇಳದೆ ಅಡುಗೆಮನೆಗಳಿಗೆ ನುಗ್ಗಿದ ಪ್ರಳಯಪರ್ವದ ಮೂರನೆಯ ಮಧ್ಯಾಹ್ನ, ಹಿರೇಹೊಳಿಯ ಶಾಲೆಯೆಂಬ ಪರಿಹಾರ ಕೇಂದ್ರದಲ್ಲಿ ವಿರಾಜಮಾನನಾಗಿದ್ದನು ನಮ್ಮ ಕಥಾನಾಯಕ. ಗಗನತರಂಗಸಂಚಾರಿ, ಬ್ಯಾಟರಿಭುಜಬಲಪ್ರತಾಪಿ, ಹವ್ಯಾಸಿರೇಡಿಯೋಕುಲತಿಲಕ, ಗಡಿಯಾರ ರಿಪೇರಿಯ ಈರಸಂಗಪ್ಪ!

ಸಂಬಳವಿಲ್ಲ, ಸಾರೋಟಿಲ್ಲ. ನೀರು ಬಂತೆಂದೊಡನೆ ಅಂಗಡಿಗೆ ಬೀಗ ಜಡಿದು, ಹ್ಯಾಮ್ ರೇಡಿಯೋ ತಲೆಯ ಮೇಲೆ ಹೊತ್ತು ದೋಣಿ ಹತ್ತಿದ ಪುಣ್ಯಾತ್ಮ. ಶಾಲೆಯ ಮಾಳಿಗೆಯ ಮೇಲೆ ನೀರಿನ ಟಾಕಿಯಿಂದ ಧ್ವಜದ ಕಂಬದವರೆಗೆ ಆಂಟೆನಾ ತಂತಿ ಬಿಗಿದು, ತಾಲ್ಲೂಕು ಕಚೇರಿಯಲ್ಲಿ ಇಂಥದೇ ರೇಡಿಯೋ ಹಿಡಿದು ಕೂತ ಗೆಳೆಯ ಫಕೀರಪ್ಪ ಮಾಸ್ತರರಿಂದ ಹಾಲಿನಪುಡಿ, ಚಾಪೆ, ಬಾಣಂತಿಗೊಂದು ದೋಣಿ ಎಲ್ಲ ತರಿಸಿದ್ದನು. ಅವನಿಗೆ ಗರ್ವವಿರಲಿಲ್ಲವೆಂದರೆ ನನ್ನ ಬಾಯಲ್ಲಿ ಹುಳ ಬಿದ್ದಾವು.

ಮೂರು ಗಂಟೆಗೆ ನರ್ಸ್ ರುಕ್ಸಾನಾ ಓಡಿಬಂದಳು. "ಸಂಗಪ್ಪಣ್ಣಾ, ತಂಗೆವ್ವಗ ಸಕ್ರಿ ಭಾಳ ಏರೇತಿ. ಇನ್ಸುಲಿನ್ ಮುಗದೈತಿ. ತಾಲ್ಲೂಕಿನಿಂದ ಕಡೀ ದೋಣಿ ನಾಲ್ಕಕ್ಕ ಬಿಡತೈತಿ. ಅದರಾಗ ಬರಲಿಲ್ಲಂದ್ರ ಮುದುಕಿ ನಾಳಿತನಕ ತಡಿಯೂದಿಲ್ಲ."

ವೀರನು ಮೀಸೆ ತೀಡಿದನು. "ಅಂಜಬ್ಯಾಡ ತಂಗೀ! ಈ ಕೈಯಾಗ ಮೈಕ್ ಇರೂತನಕ ಯಮ ಸುದ್ದಾ ಲೈಸೆನ್ಸ್ ತೋರಿಸಿ ಒಳಗ ಬರಬೇಕು!"

ಮೈಕ್ ಒತ್ತಿದನು. ಉತ್ತರವಾಗಿ ಗೊರ್ ಎಂಬ ಸದ್ದು. ಮತ್ತೊಮ್ಮೆ ಕೂಗಿದನು, ಗೊರ್! ಆಹಾ, ಆಗ ನೋಡಬೇಕಿತ್ತು ಆ ಸಮರಸನ್ನಾಹವನ್ನು! ಬ್ಯಾಟರಿಯ ತಲೆ ಉಜ್ಜಿದನು, ಪ್ಲಗ್ಗುಗಳನ್ನು ಧೋತರದ ಚುಂಗಿನಿಂದ ಒರೆಸಿದನು, ಮೈಕಿನ ಹೊಟ್ಟೆ ಬಿಚ್ಚಿ ಮುಚ್ಚಿದನು. ಮೂರೂವರೆಯಾಯಿತು. ಕಡೆಗೆ ಕಿಟಕಿಯಿಂದ ಸೂರ್ಯನಾರಾಯಣನತ್ತ ಬೆರಳು ಚಾಚಿ ಗರ್ಜಿಸಿದನು: "ನನ್ನ ರೇಡಿಯೋ ಕೆಡಿಸಿದ್ದು ನಿನ್ನ ಮೈಮ್ಯಾಲಿನ ಕರೀ ಕಲಿಗೋಳ ಕಿತಾಪತಿ!"

"ಅಣ್ಣಾ, ಮ್ಯಾಲೆ ಹೋಗಿ ತಂತಿ ಒಂದಿಷ್ಟ ನೋಡ್ರಲ್ಲ."

"ನಾ ಬಿಗಿದ ತಂತಿ! ಆನಿ ಜಗ್ಗಿದ್ರೂ ಅಲ್ಲಾಡೂದಿಲ್ಲ."

ರುಕ್ಸಾನಾ ಕಣ್ಣು ಒರೆಸಿಕೊಂಡಳು. ಅದನ್ನು ನೋಡಿ ವೀರನು ಮೈಕ್ ಕೆಳಗಿಟ್ಟನು. ಮೆಟ್ಟಿಲು ಹತ್ತಿದನು.

ಮಾಳಿಗೆಯ ಮೇಲೆ ಕಂಡದ್ದು ಆನೆಯಲ್ಲ, ಕೌದಿ. ಹಳೆ ಬಟ್ಟೆಯ ಏಳು ಪದರ ಕೂಡಿಸಿ ಹೊಲಿದ, ನೀರು ಕುಡಿದು ಎಮ್ಮೆಗರುವಿನಷ್ಟು ತೂಗುತ್ತಿದ್ದ ಕೌದಿ, ಆಂಟೆನಾದ ಮೇಲೆ ಅಚ್ಚುಕಟ್ಟಾಗಿ ಹರವಿತ್ತು. ತಂತಿ ಜೋತು ನಡುವಿನ ಬೆಸುಗೆ ಬಿಟ್ಟಿತ್ತು. ಪಕ್ಕದಲ್ಲಿ, ಅದನ್ನು ಒಣಹಾಕಲು ಯಾರಿಗೂ ಹೇಳದೆ ಮೇಲೆ ಬಂದಿದ್ದ ತಂಗೆವ್ವ ಗೋಡೆಗೊರಗಿ ತೂಕಡಿಸುತ್ತಿದ್ದಳು.

"ಯವ್ವಾ, ಇದು ನಿಂದೇನ?"

"ನಂದಪಾ. ಹೊಳಿ ಬಂದಾಗ ಅದೊಂದ ಹೊತಗೊಂಡ ಬಂದೆ. ನಮ್ಮವ್ವನ ಸೀರಿ ಅದಾವ ಅದರಾಗ." ದನಿ ಬಾವಿಯೊಳಗಿಂದ ಬಂದಂತಿತ್ತು. "ಚಲೋ ಹಗ್ಗಾ ಕಟ್ಟೀಯಪಾ. ನಿನ್ನ ಹೊಟ್ಟಿ ತಣ್ಣಗಿರಲಿ."

ವೀರನು ಕೌದಿಯನ್ನು ತಂತಿಯಿಂದ ಇಳಿಸಿದನು. ನೆಲವೆಲ್ಲ ರಾಡಿ, ಅವ್ವನ ಸೀರೆಯನ್ನು ಅಲ್ಲಿ ಬಿಸಾಡುವುದು ಹೇಗೆ? ಕೌದಿಯನ್ನು ತಾನೇ ಹೊದ್ದುಕೊಂಡನು. ಗಡಿಯಾರದ ಮುಳ್ಳು ಹಿಡಿದು ಪಳಗಿದ ಬೆರಳುಗಳಿಂದ ತಂತಿ ಹೊಸೆದು ಕೂಡಿಸಿ, ನೀರು ಸುರಿಸುತ್ತ ಕೆಳಗೋಡಿ ಮೈಕ್ ಹಿಡಿದನು. ನಾಲ್ಕಕ್ಕೆ ಇನ್ನು ಎಂಟೇ ನಿಮಿಷ.

"ಹೇಳಪಾ ಸಂಗಪ್ಪಾ!" ಎಂದರು ಮಾಸ್ತರರು. ಎಂದೂ ನಮಸ್ಕಾರ, ಹವಾಮಾನ, ಸಿಗ್ನಲ್ಲಿನ ಯೋಗಕ್ಷೇಮ ಮುಗಿಯದೆ ವಿಷಯಕ್ಕೆ ಬಾರದ ಸಂಪ್ರದಾಯಶರಣನಾದ ನಮ್ಮ ವೀರನು ಅಂದು ಒಂದೇ ಉಸಿರಿನಲ್ಲಿ, "ಇನ್ಸುಲಿನ್, ಎಂಟು ಸೀಸೆ, ಐಸಿನ ಡಬ್ಬಿ, ನಾಲ್ಕರ ದೋಣಿ!" ಎಂದನು. ಮಾಸ್ತರರು ನಿಯಮದಂತೆ ಅಕ್ಷರ ಬಿಡದೆ ತಿರುಗಿ ಒಪ್ಪಿಸಿ ಓಡಿದರು.

ದೋಣಿ ಐದಕ್ಕೆ ಮೊದಲೇ ಬಂತು. ಮುದುಕಿಗೆ ಸೂಜಿ ಬಿತ್ತು. ಒಂದು ತಾಸಿನಲ್ಲಿ ತಂಗೆವ್ವ ಕಣ್ಣರಳಿಸಿ ಗಂಜಿ ಕೇಳಿದಾಗ ಇಡೀ ಶಾಲೆ ಹಿಗ್ಗಿತು. ವೀರನು ಗಂಟಲು ಸರಿಪಡಿಸಿಕೊಂಡು ವಿಜಯಭಾಷಣಕ್ಕೆ ಎದ್ದುನಿಂತನು.

"ಅದಿರಲಿ ತಮ್ಮಾ," ಎಂದಳು ಮುದುಕಿ, "ನನ್ನ ಕೌದಿ ಒಣಗೇತೇನು?"

ಒಣಗಿರಲಿಲ್ಲ. ತಂತಿಗೆ ಹಾಕುವಂತೆಯೂ ಇರಲಿಲ್ಲ.

ಅಂತೂ ಆ ಗಗನತರಂಗಸಂಚಾರಿಯು ಹೊತ್ತು ಮುಳುಗುವ ತನಕ ಮಾಳಿಗೆಯ ಮೇಲೆ, ತಾನು ಬೈದ ಅದೇ ಸೂರ್ಯನಿಗೆ ಮುಖಮಾಡಿ, ಎರಡೂ ತೋಳು ಚಾಚಿ ಕೌದಿ ಹಿಡಿದು ನಿಂತಿದ್ದನು. ಬಲಗಡೆಯ ಅಂಚು ಇನ್ನೂ ಹಸಿ ಇತ್ತು.