ಕಾಕಾನ ಗಾಡಿಯ ಆವಾಜು

ಇಡೀ ಆಳಂದದಲ್ಲಿ ನಮ್ಮ ಕಾಕಾನಷ್ಟು ವೇಗದ ಮನುಷ್ಯ ಇನ್ನೊಬ್ಬನಿಲ್ಲ. ಹೋಗಬೇಕಾದ ಊರಿಗೆ ಮಾತ್ರ ಅವರು ಒಮ್ಮೆಯೂ ಹೊತ್ತಿಗೆ ತಲುಪಿದವರಲ್ಲ!

ಅಪ್ಪನ ತಮ್ಮನಾದ ಅವರು ಎಂಬತ್ತರ ದಶಕದಲ್ಲಿ ಸೊಲ್ಲಾಪುರದಿಂದ ಎರಡೇ ಬಾಗಿಲಿನ ಹಳೆಯ ಕೆಂಪು ಕಾರೊಂದನ್ನು ತಂದು 'ಸ್ಪೋರ್ಟ್ಸ್ ಗಾಡಿ' ಎಂದರು. ಹಿಂದೆ ಕೂತರೆ ಅವರ ಹೆಂಡತಿ, ನಮ್ಮ ಕಾಕುವಿನ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಅದೂ ಸ್ಪೋರ್ಟ್ಸ್ ಲಕ್ಷಣವಂತೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಗಾಡಿ ನೆಲಕ್ಕಂಟಿ ಓಡಬೇಕು, ಗುಡುಗಬೇಕು ಎಂದು ಗಿಡ್ಡ ಸ್ಪ್ರಿಂಗುಗಳನ್ನೂ ದಪ್ಪನೆಯ ಸೈಲೆನ್ಸರನ್ನೂ ತರಿಸಿದರು.

ಮೆಕ್ಯಾನಿಕ್ ಗಫೂರ್ ಚಾಚಾ ಸ್ಪ್ರಿಂಗನ್ನು ತಿರುಗಿಸಿ ನೋಡಿದರು. "ಸಾವ್ಕಾರ್ರ, ಗಾಡಿ ನಾ ಇಳಸ್ತೀನ್ರಿ. ರಸ್ತಾ ಯಾರ್ ಇಳಸ್ತಾರ?"

"ನೀ ಹಾಕಪಾ. ರಸ್ತಾ ನಾ ನೋಡ್ಕೋತೀನಿ."

ಮರುದಿನ ಬೆಳಿಗ್ಗೆ ಕಾಕಾ ಕೀಲಿ ತಿರುವಿದರು. ಡಬ್ ಡಬ್ ಡಬ್! ಐದೇ ನಿಮಿಷದಲ್ಲಿ ಓಣಿಯ ನಾಲ್ವರು ಹೆಂಗಸರು ಜೋಳದ ಬುಟ್ಟಿ ಹೊತ್ತು ಬಂದರು. ಕರೆಂಟು ಹೋದಾಗ ನಮ್ಮೂರ ಹಿಟ್ಟಿನ ಗಿರಣಿ ಡೀಸೆಲ್ ಎಂಜಿನ್ನಿನಿಂದ ನಡೆಯುತ್ತಿತ್ತು. ಆ ಸದ್ದೂ ಈ ಸದ್ದೂ ಒಂದೇ!

"ಗಿರಣಿ ಚಾಲೂ ಆತೇನ್ರಿ ಸಾವ್ಕಾರ್ರ?"

"ಗಿರಣಿ ಅಲ್ಲವಾ, ಸ್ಪೋರ್ಟ್ಸ್ ಗಾಡಿ!"

"ಹೌದೇನ್ರಿ? ಸಣ್ಣಗ ಬೀಸ್ತದೇನ್ರಿ?"

ನನ್ನದು ಮೆಲುದನಿ. "ನಿನಗಂತೂ ಆವಾಜಿಲ್ಲ ಬೇ, ಗಾಡಿಗಾದ್ರೂ ಇರ್ಲಿ" ಎನ್ನುತ್ತಿದ್ದರು ಕಾಕಾ. ನನ್ನ ಎಂ.ಎ. ಮುಗಿದಿತ್ತು. ಜೇವರ್ಗಿಯ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಕೆಲಸ ಸಿಗದಿದ್ದರೆ ಮದುವೆ ಎಂದು ಅಪ್ಪ ಹೇಳಿಯಾಗಿತ್ತು. ಬಸ್ಸಿಗೆ ಹೊರಟವಳ ಚೀಲವನ್ನು ಕಾಕಾ ಕಸಿದುಕೊಂಡರು. "ಮನ್ಯಾಗ ಗಾಡಿ ಇಟ್ಕೊಂಡು ನೀ ಬಸ್ಸಿಗಿ ಹೋದ್ರ ನನ್ನ ಮಾನ ಏನಾಗಬೇಕು?" ನನ್ನ ಗತಿ ಏನಾಗಬೇಕೆಂದು ಯಾರೂ ಕೇಳಲಿಲ್ಲ.

ಗುಲಬರ್ಗಾ ದಾಟಿದ ಮೇಲೆ ಒಂದು ಕಡೆ ಮೋರಿ ಒಡೆದು, ಗಾಡಿಗಳೆಲ್ಲ ಪಕ್ಕದ ಹೊಲಕ್ಕಿಳಿದು ಹೋಗುತ್ತಿದ್ದವು. ಲಾರಿ ಹೋಯಿತು, ಎತ್ತಿನ ಚಕ್ಕಡಿ ಹೋಯಿತು. ನಮ್ಮದು ಗಾಲಿಜಾಡುಗಳೆರಡರ ನಡುವಿನ ಎರೆಮಣ್ಣಿನ ದಿಬ್ಬದ ಮೇಲೆ ಹೊಟ್ಟೆಯೂರಿ ಕೂತಿತು! ಸೈಲೆನ್ಸರ್ ಕಿತ್ತು ಬಿತ್ತು. ನಾನು ಹತ್ತಬೇಕಿದ್ದ ಬಸ್ಸು ಪಕ್ಕದಲ್ಲೇ ಹಾದು ಬಂತು. ಕೈ ಮಾಡಲು ಹೋದೆ.

"ಎರಡ ಮಿನಿಟ್ ತಡೀ ಬೇ, ಎತ್ತೇ ಬಿಡ್ತೀನಿ!"

ಬಸ್ಸು ಹೋಯಿತು. ಕಾಕಾ ಎಂಜಿನ್ನನ್ನು ಗುಡುಗಿಸಿದರು, ಗಾಲಿಗಳು ಬರಿದೇ ತಿರುಗಿದವು. ಸ್ವಲ್ಪ ಹೊತ್ತಿಗೆ ಹತ್ತಿರದ ಹಳ್ಳಿಯಿಂದ ಮೂವರು ಹೆಂಗಸರು ಬಂದರು, ಬುಟ್ಟಿಗಳ ಸಮೇತ. "ಇಲ್ಲಿ ಹೊಸಾ ಗಿರಣಿ ಇಟ್ಟೀರೇನ್ರಿ?"

ನಾವು ಜೇವರ್ಗಿ ತಲುಪಿದಾಗ ಕಾಲೇಜಿನ ಜವಾನ ಕುರ್ಚಿಗಳನ್ನು ಒಳಗಿಡುತ್ತಿದ್ದ.

ನಾನು ಕಾಕಾನ ಜೊತೆ ಮಾತು ಬಿಟ್ಟೆ. ಮೊದಲೂ ಆಡುತ್ತಿದ್ದುದು ಅಷ್ಟಕ್ಕಷ್ಟೇ ಆದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ! ಅಪ್ಪ ನನ್ನ ಫೋಟೊಗಳನ್ನು ನಾಲ್ಕು ಮನೆಗಳಿಗೆ ಕಳಿಸಿದರು. ಅವು ಮಾತ್ರ ಎಲ್ಲ ಕಡೆಗೂ ಹೊತ್ತಿಗೆ ಸರಿಯಾಗಿ ತಲುಪಿದವು.

ಉತ್ತರಗಳು ಬರುವ ಮೊದಲೇ ಅಫಜಲಪುರದ ಕಾಲೇಜಿನಿಂದ ಕರೆ ಬಂತು. ಆ ದಿನ ಬೆಳಿಗ್ಗೆ ಬಸ್ಸಿಗೆಂದು ಬಾಗಿಲು ತೆರೆದರೆ ಎದುರಿಗೇ ಕೆಂಪು ಗಾಡಿ. ಅದು ಬಂದದ್ದೇ ಕೇಳಿಸಿರಲಿಲ್ಲ. ಹಳೆಯ ಸ್ಪ್ರಿಂಗು, ಹಳೆಯ ಸೈಲೆನ್ಸರು. ಗಾಡಿ ಗೇಣುದ್ದ ಮೇಲೆದ್ದಿತ್ತು. ಎಂಜಿನ್ನು ನಡೆದೇ ಇತ್ತು.

ಎಷ್ಟೋ ದಿನಗಳ ಮೇಲೆ ಕಾಕಾನೆದುರು ಬಾಯಿ ತೆರೆದೆ. "ಕಾಕಾ, ಆವಾಜ್ ಎಲ್ಲಿ ಹೋತ್ರಿ?"

ಕಾಕಾ ನನ್ನ ಮುಖ ನೋಡಲಿಲ್ಲ. ಪಕ್ಕದ ಬಾಗಿಲು ತೆರೆದು ಹಿಡಿದರು.

"ಇವತ್ತ ನೀ ಮಾತಾಡಬೇಕಲ್ಲ ಯವ್ವಾ. ಅದು ಸುಮ್ಮ ಇರ್ಲಿ."