ತವರಿನಿಂದ ಬಂದು ನಮ್ಮ ಜೋಕಾಲಿ ಹಗ್ಗ ಹಿಡಿದಿರುವ ದೋಣಿ ಮೋಟಾರಿಗೆ

ಮಾನ್ಯ ಮೋಟಾರಿನವರೇ,

ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಪಂಚಮಿ ಜೋಕಾಲಿಯ ಹಗ್ಗಕ್ಕೆ ತೂಗುಬಿದ್ದು, ಕೆಳಗೆ ಗೋಣಿಚೀಲ ಹಾಸಿಸಿಕೊಂಡು ಸುಖವಾಗಿರುವ ತಮ್ಮ ಪಾದಗಳಿಗೆ, ಪಾದ ಇಲ್ಲದಿರುವುದರಿಂದ ನೀರು ತಳ್ಳುವ ತಮ್ಮ ಹಿತ್ತಾಳೆ ಪಂಕಾಕ್ಕೆ, ಕಸ್ತೂರೆಮ್ಮ ಮಾಡುವ ಶರಣು ಶರಣಾರ್ಥಿಗಳು. ಶಿವನ ದಯೆಯಿಂದ ನಾನು ಕ್ಷೇಮ. ತಮ್ಮ ಕ್ಷೇಮವನ್ನು ಕೇಳುವ ಅಗತ್ಯವಿಲ್ಲ, ಏಕೆಂದರೆ ಬೇಸಿಗೆಯಿಂದ ಈಚೆಗೆ ಈ ಮನೆಯಲ್ಲಿ ಬೇರೆ ಯಾರ ಕ್ಷೇಮವನ್ನೂ ಯಾರೂ ವಿಚಾರಿಸಿಲ್ಲ.

ತಮಗೆ ಓದಲು ಬಾರದು ಎಂಬುದು ಗೊತ್ತು. ನಾನೂ ಊರ ಶಾಲೆಯಲ್ಲಿ ಕಲಿಸಿದಷ್ಟೇ ಕಲಿತವಳು. ಅದಕ್ಕೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ; ಓದಿದ ಪುಣ್ಯವಂತರು ಯಾರಾದರೂ ತಮ್ಮ ಕಿವಿಗೆ ಹಾಕಲಿ.

ಮೊದಲು ತಮ್ಮ ಪೂರ್ವಾಪರ ಹೇಳುವುದು ಧರ್ಮ. ಲಿಂಗಸುಗೂರು ತಾಲೂಕಿನಲ್ಲಿ ಕೃಷ್ಣಾ ಹೊಳೆಯ ನಡುವೆ ಇರುವ ನಡುಗಡ್ಡೆ ನನ್ನ ತವರು. ಸೇತುವೆ ಇಲ್ಲ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ಶ್ರಾವಣದಲ್ಲಿ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ಹೆಣ್ಣುಮಕ್ಕಳು ತವರಿಗೆ ಹೋಗುವ ಪಂಚಮಿಯೂ ಶ್ರಾವಣದಲ್ಲೇ ಬರುತ್ತದೆ. ಹೊಳೆಗೆ ಪಂಚಾಂಗ ಗೊತ್ತಿಲ್ಲ ಎನ್ನುವಂತಿಲ್ಲ, ನೋಡಿಕೊಂಡೇ ಬರುತ್ತದೆ. ಅದಕ್ಕೆ ನಮ್ಮಪ್ಪ ತಮ್ಮನ್ನು ಕೊಂಡು ತಂದು, ದೋಣಿಯ ಬೆನ್ನಿಗೆ ಬಿಗಿದು, ನನ್ನ ಮದುವೆಯಾದ ಹೊಸದರಲ್ಲಿ ಪ್ರತಿ ಪಂಚಮಿಗೂ ತಾನೇ ಕರೆಯಲು ಬರುತ್ತಿದ್ದ. ಅಪ್ಪ ತೀರಿಕೊಂಡ ವರ್ಷವೇ ತಾವೂ ಒಮ್ಮೆ ಕೆಮ್ಮಿ ಸುಮ್ಮನಾದಿರಿ, ಅಣ್ಣ ತಮ್ಮನ್ನು ಆಡಿನ ದೊಡ್ಡಿಯಲ್ಲಿ ಒರಗಿಸಿಟ್ಟ. ಅಂದಿನಿಂದ ನಾನು ತವರಿನ ಹುತ್ತಕ್ಕೆ ಹಾಲೆರೆದಿಲ್ಲ. ಆಡುಗಳು ತಮ್ಮ ಮೇಲೆ ಏನೇನು ಎರೆದವೋ, ಅದನ್ನು ಇಲ್ಲಿ ಬರೆಯುವುದಿಲ್ಲ.

ಈ ಬೇಸಿಗೆಯಲ್ಲಿ ಅವ್ವ ಫೋನಿನಲ್ಲಿ, “ಕಸ್ತೂರಿ, ನೀನೂ ನಾನೂ ಕೂಡಿ ಹಾಲೆರಿಯೋದು ಇನ್ನ ಈ ಜನ್ಮದಾಗ ಐತೋ ಇಲ್ಲೋ ಬೇ” ಎಂದಳು. ನಾನು ಸ್ಪೀಕರಿಗೆ ಹಾಕಿದ್ದ ಫೋನು ಆರಿಸಿ ಮತ್ತೆ ರೊಟ್ಟಿ ಬಡಿದೆ. ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿರುವ ನಮ್ಮ ಮನೆಯವರು ಊಟಕ್ಕೆ ಕುಳಿತವರು ಅದನ್ನು ಕೇಳಿಸಿಕೊಂಡು, ಮರುದಿನವೇ ಹೊಳೆ ದಾಟಿ ಹೋಗಿ, ತಮ್ಮನ್ನು ಹೆಗಲ ಮೇಲೆ ಹೊತ್ತು ಕಲ್ಲು ದಾಟಿಸಿ, ಗೂಡ್ಸ್ ಆಟೋದಲ್ಲಿ ಮಲಗಿಸಿ ಮನೆಗೆ ತಂದರು. “ಮೋಟಾರ ಅಂದ್ರ ಮೋಟಾರ. ಬಾವ್ಯಾಗಿಂದಾದ್ರೇನು, ಹೊಳ್ಯಾಗಿಂದಾದ್ರೇನು?” ಎಂದರು. ಮದುವೆಯಲ್ಲಿ ಹೊಸಿಲು ದಾಟುವಾಗ ನನ್ನನ್ನು ಯಾರೂ ಅಷ್ಟು ಜೋಪಾನವಾಗಿ ಇಳಿಸಿಕೊಂಡ ನೆನಪಿಲ್ಲ.

ಅಂದಿನಿಂದ ತಾವು ಈ ಮನೆಗೆ ಮಾಡಿದ ಉಪಕಾರ ಎಷ್ಟೆಂದು ಬರೆಯಲಿ! ತಮ್ಮ ಒಳಗಿನ ಸಣ್ಣ ಸಾಮಾನುಗಳು ಪೆಟ್ರೋಲಿನಲ್ಲಿ ಮಿಂದದ್ದು ನಾನು ಜೋಳದ ಹಿಟ್ಟು ನಾದುವ ಪರಾತದಲ್ಲಿ. ಅದರಿಂದ ನಮ್ಮ ರೊಟ್ಟಿಗೆ ಬಂದ ಪರಿಮಳವನ್ನು ಮೂರು ಸಲ ತೊಳೆದರೂ ಕಳೆಯಲು ಆಗಲಿಲ್ಲ, ಒಲೆಯ ಮುಂದೆ ಕುಳಿತವರು ಸ್ವಲ್ಪ ಹಿಂದೆ ಸರಿದು ಕೂಡುವಂತಾಯಿತು. ತಮ್ಮ ಮೈ ಉಜ್ಜಿದಾಗ ಕೆಂಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ನೀಲಿ ಹೊರಟಿತು. ಆ ನೀಲಿ ಪುಡಿ ದೇವರ ಜಗುಲಿಯವರೆಗೂ ಹಾರಿ, ನಾನು ಲಿಂಗಪೂಜೆಗೆ ಕುಳಿತರೆ ವಿಭೂತಿಯೂ ನೀಲಿಯಾಯಿತು. ನೀಲಕಂಠನಿಗೆ ನಡೆಯುತ್ತದೆ ಎಂದು ಸುಮ್ಮನೆ ಹಚ್ಚಿಕೊಂಡೆ. ತಮ್ಮ ಪಂಕಾವನ್ನು ದೇವರ ದೀಪಗಳ ಜೊತೆಯಲ್ಲೇ ಹುಣಸೆಹಣ್ಣು ಹಾಕಿ ನಾನೇ ತಿಕ್ಕಿದ್ದೇನೆ. ದೀಪಗಳಿಗಿಂತ ತಾವೇ ಹೆಚ್ಚು ಬೆಳಗಿದಿರಿ, ಅದು ಅವಕ್ಕೂ ಗೊತ್ತಾಗಿದೆ.

ಬಣ್ಣ ಬಳಿಯಲು ಸಿಂಧನೂರಿನಿಂದ ಶಾವಲಿ ಬಂದ. ಅವನು ಟ್ರ್ಯಾಕ್ಟರ್ ಟ್ರಾಲಿಗಳಿಗೆ ಬಣ್ಣ ಹಚ್ಚುವವನು. ತಮಗೆ ಎಲ್ಲಿಯೂ ಕೊರತೆ ಮಾಡಲಿಲ್ಲ. ಕೆಂಪು ಮೈ, ಹಳದಿ ಹೂವು, ಒಂದು ಕಡೆ ನವಿಲು, ಮತ್ತೆ ಕೈ ರೂಢಿಯಂತೆ ಬೆನ್ನಿಗೆ ‘ಹಾರ್ನ್ ಮಾಡಿರಿ’ ಎಂದೂ ಬರೆದ. ಹಿಂದೆ ಬರುವ ಮೀನುಗಳಿಗೆ ಅನುಕೂಲವಾಗಲೆಂದು ನಾವು ಅದನ್ನು ಹಾಗೆಯೇ ಬಿಟ್ಟಿದ್ದೇವೆ.

ಅದಾದ ಮೇಲೆ ಒಂದು ಸಂಗತಿ ನಡೆಯಿತು. ಶ್ರಾವಣ ಸೋಮವಾರ ಪೂಜೆ ಮುಗಿಸಿ, ಮನೆಯಲ್ಲಿರುವ ಎಲ್ಲ ಹಣೆಗಳಿಗೂ ವಿಭೂತಿ ಹಚ್ಚುವಾಗ ತಮ್ಮ ಹಣೆಗೂ ಮೂರು ಬೆರಳು ಎಳೆದೆ. ಬಣ್ಣ ಇನ್ನೂ ಹಸಿ ಇತ್ತು. ಶಾವಲಿ ತಲೆಯ ಮೇಲೆ ಕೈ ಹೊತ್ತು, “ಯಕ್ಕಾ, ಬಣ್ಣ ಆರೋ ಮಟ ದೇವ್ರೂ ತಡೀತಿದ್ದ, ನೀವ್ಯಾಕ ತಡೀಲಿಲ್ರೀ?” ಎಂದ. ಉಜ್ಜಿ ಮತ್ತೆ ಬಳಿಯುತ್ತೇನೆಂದು ಉಪ್ಪುಕಾಗದ ತೆಗೆದ. ಹಚ್ಚಿದ ವಿಭೂತಿಯನ್ನು ಒರೆಸುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ ಎಂದು ನಾನು ಅಡ್ಡ ನಿಂತೆ. ನನ್ನ ಹಣೆಯ ಮೇಲಿನ ವಿಭೂತಿ ಮಧ್ಯಾಹ್ನದ ಬೆವರಿಗೆ ಹೋಗುತ್ತದೆ, ತಮ್ಮದು ಹೊಳೆ ನೀರಿಗೂ ಹೋಗದು. ಇಂಥ ಭಕ್ತಿ ನನಗಿನ್ನೂ ಒದಗಿಲ್ಲ.

ಆದರೆ ಮಾನ್ಯರೇ, ತಮ್ಮ ಹೊಟ್ಟೆಯ ವಿಷಯ ಮಾತ್ರ ನನ್ನಿಂದ ಮುಚ್ಚಿಟ್ಟದ್ದು ಸರಿಯಲ್ಲ. ಹೊಳೆಯ ನೀರು ಎಳೆದು ತಮ್ಮ ಹೊಟ್ಟೆ ತಂಪಾಗಿಡಲು ಒಳಗೆ ತಿರುಗುವ ಒಂದು ರಬ್ಬರಿನ ಹೂವು ಬೇಕಂತೆ, ಅದು ಪುಡಿಯಾಗಿತ್ತಂತೆ. ಸಿಂಧನೂರು, ಲಿಂಗಸುಗೂರು ಎಲ್ಲ ಸುತ್ತಿದರೂ ಸಿಗಲಿಲ್ಲ, ಒಬ್ಬ ಅಂಗಡಿಯವ “ಮಿಕ್ಸಿದೇನ್ರೀ ಇದು?” ಎಂದು ಕೇಳಿದನಂತೆ. ನಾನು ಊದಿನಕಡ್ಡಿ ಬೆಳಗಿ, ತಮ್ಮನ್ನು ಸುತ್ತು ಬಂದು ಕೈಮುಗಿದು ನಿಂತ ಮೇಲೆ, ನಮ್ಮ ಮನೆಯವರು ಮೆಲ್ಲಗೆ ಹೇಳಿದರು: ಆ ಹೂವನ್ನು ನನ್ನ ಎಡಗಾಲಿನ ಚಪ್ಪಲಿಯ ಅಟ್ಟೆಯಿಂದ ಕತ್ತರಿಸಿದ್ದಾರೆ. ಹಣೆಯಲ್ಲಿ ವಿಭೂತಿ, ಹೊಟ್ಟೆಯಲ್ಲಿ ಚಪ್ಪಲಿ. ಅಂಥವರನ್ನು ಊರಲ್ಲಿ ಕಂಡಿದ್ದೇನೆ, ಆದರೆ ಅವರಿಗೆ ನಾನು ಸುತ್ತು ಹಾಕಿರಲಿಲ್ಲ.

ನಿನ್ನೆ ತಮ್ಮ ಪರೀಕ್ಷೆ. ನಳದ ನೀರು ತುಂಬಿಡುವ ನನ್ನ ಡ್ರಮ್ಮಿನ ಬಾಯಿಗೆ ತಮ್ಮನ್ನು ಬಿಗಿದು, ನಮ್ಮ ಮನೆಯವರು ತಮ್ಮನ್ನು ಚಾಲೂ ಮಾಡುವ ಹಗ್ಗ ಎಳೆದರು, ಎಳೆದರು, ತೋಳು ಬಿದ್ದುಹೋಗುವಂತೆ ಎಳೆದರು. ಪಕ್ಕದ ಮನೆಯ ಶಂಶಾದ್‌ಬೀ ಬಂದು, “ಯಕ್ಕಾ, ಜೋಕಾಲಿ ಆಡಾಕ ಬಂದ್ರ ಮೋಟಾರ ಆಡಸಾಕತ್ತೀರಲ್ರೀ” ಎಂದು ನಕ್ಕಳು. ಆ ನಗೆಗೆ ಸಿಟ್ಟು ಬಂದವರಂತೆ ತಾವು ಎದ್ದಿರಿ. ಡ್ರಮ್ಮಿನ ನೀರೆಲ್ಲ ಅಂಗಳಕ್ಕೆ, ಒಣಗಿಸಿದ ಸೀರೆಗಳಿಗೆ ಮತ್ತು ಶಂಶಾದ್‌ಬೀಗೆ ಸಮವಾಗಿ ಹಂಚಿದಿರಿ. ಅವಳು ಸೆರಗು ಹಿಂಡುತ್ತ, “ಹೊಳೀನ ಮನೀಗೆ ಬಂತಲ್ರೀ, ಇನ್ನ ತವರಿಗ್ಯಾಕ ಹೋಗ್ತೀರಿ?” ಎಂದಳು.

ಹೋಗಬೇಕೋ ಬೇಡವೋ ಎಂಬುದೇ ಕೊನೆಗೆ ಉಳಿದ ಪ್ರಶ್ನೆ. ತವರಿನವರು ಬಂದು ಕರೆಯದೆ ಪಂಚಮಿಗೆ ಹೋಗುವುದು ನಮ್ಮಲ್ಲಿಲ್ಲ. ಕರೆಯದೆ ಹೋದರೆ ಅದು ತವರಲ್ಲ, ಬರೀ ನೆಂಟರ ಮನೆ. ಅಣ್ಣ ಹೊಳೆಯ ಆಚೆ ಸಿಕ್ಕಿಕೊಂಡಿದ್ದಾನೆ, ಫೋನಿನಲ್ಲಿ ಕರೆದದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಾರೆ. ಆಗ ಶಂಶಾದ್‌ಬೀಯೇ, “ಇದು ನಿಮ್ಮ ತವರ್ಮನೀದು ಹೌದಲ್ರೀ? ನಿಮ್ಮಪ್ಪ ಇದರ ಸಂಗಾಟನ ಬರ್ತಿದ್ದ. ಇಷ್ಟ ಒದರಿ ಕರದೈತಿ, ಕೇಳ್ಲಿಲ್ಲೇನು?” ಎಂದಳು. ನಮ್ಮ ಮನೆಯವರು ನನ್ನ ಮುಖ ನೋಡದೆ ಮೈ ಒರೆಸುತ್ತಿದ್ದರು, ತಮ್ಮದು.

ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆಗಳು. ಕರೆಯಲು ಬಂದವರು ಪದ್ಧತಿಯಂತೆ ಕುಬಸ, ಬಳೆ ತರಬೇಕಿತ್ತು, ಮರೆತಿದ್ದೀರಿ, ಇರಲಿ. ಕನಿಷ್ಠ ಪಕ್ಷ “ಬಾರವ್ವಾ” ಎಂದು ಒಮ್ಮೆ ಬಿಡಿಸಿ ನುಡಿಯಬೇಕು. ನಾಳೆ ನಡುಹೊಳೆಯಲ್ಲಿ ತಾವು ಧ್ಯಾನಕ್ಕೆ ಕೂಡಬಾರದು; ಅಷ್ಟು ಭಕ್ತಿ ಬೇಡ. ದಂಡೆ ಮುಟ್ಟಿಸಿದರೆ, ಅವ್ವನ ಪಕ್ಕದಲ್ಲಿ ಕುಳಿತು ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು ಎಂದು ಹಾಲೆರೆಯುವಾಗ ಕೊನೆಗೊಂದು ಹನಿ ತಮ್ಮ ಪಾಲೆಂದೂ ಬಿಡುತ್ತೇನೆ. ಮುಟ್ಟಿಸದಿದ್ದರೆ ತಾವು ಗುಜರಿಯವನ ಪಾಲು.

ಇಷ್ಟು ಬರೆದು ಉಂಡಿ ಕಟ್ಟಲು ಏಳುತ್ತಿರುವ,
ತಮ್ಮ ವಿಶ್ವಾಸಿ,
ಕಸ್ತೂರೆಮ್ಮ
ಮಸ್ಕಿ

ತಾ.ಕ.: ಇದನ್ನು ಹೊಳೆಯ ಆಚೆಯಿಂದ ಬರೆಯುತ್ತಿದ್ದೇನೆ. ನೀರು ಸ್ವಲ್ಪ ಇಳಿದದ್ದು ನೋಡಿ, ಮೀನುಗಾರ ಹನುಮಂತರಾಯನ ದೋಣಿಗೆ ತಮ್ಮನ್ನು ಬಿಗಿದು, ಇಳಕಲ್ ಸೀರೆಯ ಮೇಲೆ ಟ್ರ್ಯಾಕ್ಟರ್ ಟ್ಯೂಬು ಹಾಕಿಸಿಕೊಂಡು ದಾಟಿದೆ. ದಂಡೆಯಲ್ಲಿ ಅವ್ವ ಮೊದಲು ನನ್ನನ್ನು ನೋಡಲಿಲ್ಲ, ತಮ್ಮ ಹಣೆಯ ವಿಭೂತಿ ನೋಡಿ ಕೈಮುಗಿದಳು. ಇಬ್ಬರೂ ಹಾಲೆರೆದೆವು, ತಮ್ಮ ಪಾಲಿನ ಹನಿ ಅವ್ವನೇ ಬಿಟ್ಟಳು. ಮರಳು ಮುಟ್ಟಿದೊಡನೆ ತಾವು ಹೊಗೆ ಬಿಟ್ಟು ನಿಂತದ್ದಕ್ಕೆ ನನ್ನ ಆಕ್ಷೇಪವಿಲ್ಲ: ರಬ್ಬರಿನ ಹೂವು ಸವೆದಿದೆಯಂತೆ. ತವರಿನ ದಾರಿಯಲ್ಲಿ ನನ್ನ ಚಪ್ಪಲಿ ಸವೆಯುವುದು ಹೊಸದೇನಲ್ಲ. ಹಿಂದೆಲ್ಲ ಹಬ್ಬದ ಮರುದಿನವೇ ನನ್ನನ್ನು ಹೊರಡಿಸುತ್ತಿದ್ದ ನಮ್ಮ ಮನೆಯವರು ಈಗ ನಮ್ಮ ಅತ್ತಿಗೆಯ ಪರಾತದಲ್ಲಿ ತಮ್ಮ ಸಾಮಾನು ಹರವಿಕೊಂಡು ಕುಳಿತಿದ್ದಾರೆ. ಹನುಮಂತರಾಯನಿಗೆ ಅವ್ವನ ಶೇಂಗಾ ಉಂಡಿ ಹಿಡಿಸಿವೆ, ಅವನಿಗೂ ಅವಸರವಿಲ್ಲ. ಹೊಸ ಹೂವು ಕತ್ತರಿಸಲೆಂದು ಚೀಲದಲ್ಲಿ ಹಾಕಿಕೊಂಡು ಬಂದಿದ್ದ ನನ್ನ ಬಲಗಾಲಿನ ಚಪ್ಪಲಿ ಮಾತ್ರ ಬೆಳಗಿನಿಂದ ಕಾಣುತ್ತಿಲ್ಲ. ಅದು ಎಲ್ಲಿದೆ ಎಂಬುದು ನನಗೆ, ದೊಡ್ಡಿಯ ಆಡುಗಳಿಗೆ ಮತ್ತು ಶಿವನಿಗೆ ಗೊತ್ತು. ಹೊಳೆ ಇಳಿಯುವವರೆಗೆ ನಮ್ಮಲ್ಲಿ ಯಾರೂ ಹೇಳುವುದಿಲ್ಲ.